ಮರೆವಿಗೆ ಬ್ರಾಹ್ಮಿ, ಗಿಂಕ್ಗೊ, ಅರಿಶಿನ: ಹಿರಿಯರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವಯಸ್ಸಾದವರ ಮರೆವಿನ ಮಾತು ಬಂದರೆ ಸಾಕು, ಯಾರಾದರೊಬ್ಬರು ಯಾವುದಾದರೂ ಸೊಪ್ಪು, ಪುಡಿ ಇಲ್ಲವೇ ಕ್ಯಾಪ್ಸೂಲಿನ ಹೆಸರು ಹೇಳುತ್ತಾರೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ಕಷ್ಟದವು ಆಮೇಲೆ. ಡಾಕ್ಟರ್ ಬರೆದುಕೊಟ್ಟ ಯಾವ ಮಾತ್ರೆಯನ್ನೂ ಇದನ್ನು ಓದಿ ನಿಲ್ಲಿಸಬೇಡಿ.

## ಮೊದಲು ತಿಳಿಯಬೇಕಾದದ್ದು

ಬ್ರಾಹ್ಮಿ ಅಂದ್ರೆ ಒಂದೆಲಗಾನೇ ಅಲ್ವಾ? ಅಂಗಡಿಯವರು ಬೇರೆ ಗಿಡ ಅಂತಾರೆ.

ಅಂಗಡಿಯವರು ಹೇಳಿದ್ದು ಸರಿ. ಗದ್ದೆಯ ಬದುವಿನಲ್ಲಿ, ಬಾವಿಕಟ್ಟೆಯ ಪಕ್ಕದ ತೇವದಲ್ಲಿ ನೆಲಕ್ಕಂಟಿ ಹಬ್ಬುವ ದುಂಡು ಎಲೆಯ ಗಿಡ ಒಂದೆಲಗ. ಕರಾವಳಿಯಲ್ಲಿ ಅದು ತಿಮರೆ. ಆಯುರ್ವೇದ ಇದನ್ನು ಮಂಡೂಕಪರ್ಣಿ ಎನ್ನುತ್ತದೆ. ಸಸ್ಯಶಾಸ್ತ್ರದ ಹೆಸರು ಸೆಂಟೆಲ್ಲಾ ಏಷಿಯಾಟಿಕಾ.

ನೀರುಬ್ರಾಹ್ಮಿ ಬೇರೆ ಗಿಡ. ಜೌಗಿನಲ್ಲಿ ಬೆಳೆಯುತ್ತದೆ. ಎಲೆ ಸಣ್ಣದು, ದಪ್ಪಗಿರುತ್ತದೆ. ಹೂವು ಬಿಳಿ ಅಥವಾ ತಿಳಿ ನೇರಳೆ, ರುಚಿ ಕಹಿ. ಸಸ್ಯಶಾಸ್ತ್ರದಲ್ಲಿ ಬಕೋಪಾ ಮೊನಿಯೇರಿ. ಸರ್ಕಾರದ ಆಯುರ್ವೇದ ಫಾರ್ಮಕೋಪಿಯಾದಲ್ಲಿ, ಅಂದರೆ ಔಷಧಗಳ ಅಧಿಕೃತ ಗ್ರಂಥದಲ್ಲಿ, ಬ್ರಾಹ್ಮಿ ಎಂದಿರುವುದು ಇದಕ್ಕೇ.

ಎರಡನ್ನೂ ಬ್ರಾಹ್ಮಿ ಎಂದು ಕರೆಯುವ ರೂಢಿ ಇರುವುದರಿಂದ ಗೊಂದಲ ಆಗುತ್ತದೆ. ಕೊಳ್ಳುವವರಿಗೆ ಇದು ಮುಖ್ಯ, ಯಾಕೆಂದರೆ ಎರಡರ ಒಳಗಿರುವ ರಾಸಾಯನಿಕಗಳು ಬೇರೆ ಬೇರೆ. ನೀರುಬ್ರಾಹ್ಮಿಯ ಮೇಲೆ ನಡೆದ ಪ್ರಯೋಗವನ್ನು ಒಂದೆಲಗದ ಪುಡಿಗೆ ಲೆಕ್ಕ ಹಿಡಿಯಲು ಬರುವುದಿಲ್ಲ.

ವಾರಕ್ಕೆರಡು ಸಲ ಒಂದೆಲಗದ ತಂಬುಳಿ ಮಾಡ್ತೀವಿ. ಅದು ಸಾಕಾ, ಕ್ಯಾಪ್ಸೂಲೂ ಬೇಕಾ?

ತಂಬುಳಿ ಮುಂದುವರಿಸಿ, ಕ್ಯಾಪ್ಸೂಲ್ ಬೇಕಿಲ್ಲ. ಸೊಪ್ಪು, ಕಾಯಿ, ಜೀರಿಗೆ, ಕಾಳುಮೆಣಸು, ಮಜ್ಜಿಗೆ ಸೇರಿದ ಆ ಊಟ ಊಟವಾಗಿಯೇ ಒಳ್ಳೆಯದು. ಬೇಸಿಗೆಯಲ್ಲಿ ಹಿರಿಯರ ಹೊಟ್ಟೆಗೆ ಹಿತ.

ನೆನಪಿನ ಶಕ್ತಿಯ ವಿಷಯಕ್ಕೆ ಬಂದರೆ, ಥಾಯ್ಲೆಂಡಿನಲ್ಲಿ 28 ಹಿರಿಯರಿಗೆ ಎರಡು ತಿಂಗಳು ಒಂದೆಲಗದ ಸಾರ ಕೊಟ್ಟು ನೋಡಿದಾಗ ಹೆಚ್ಚಿನ ಪ್ರಮಾಣ ತೆಗೆದುಕೊಂಡವರಲ್ಲಿ ಸ್ವಲ್ಪ ಫಲ ಕಂಡಿತ್ತು. 2017ರಲ್ಲಿ ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ನೆನಪಿನ ಮೇಲೆ ಗಟ್ಟಿಯಾದ ಪರಿಣಾಮ ಸಿಗಲಿಲ್ಲ. ಮನಸ್ಸು ಸ್ವಲ್ಪ ಎಚ್ಚರವಾಗಿರುವುದು ಕಂಡಿತು, ಅಷ್ಟೇ.

ಒಂದು ಎಚ್ಚರಿಕೆ. ಇದು ಚರಂಡಿ ಪಕ್ಕದಲ್ಲೂ ಸೊಂಪಾಗಿ ಬೆಳೆಯುವ ಸೊಪ್ಪು. ಮಾರ್ಕೆಟ್ಟಿನಿಂದ ತಂದದ್ದಾದರೆ ಬೇರಿನ ಮಣ್ಣು ಹೋಗುವವರೆಗೆ ಮೂರ್ನಾಲ್ಕು ನೀರಿನಲ್ಲಿ ತೊಳೆಯಿರಿ. ಕುಂಡದಲ್ಲಿ ಬೆಳೆಸಿಕೊಂಡರೆ ಇನ್ನೂ ವಾಸಿ.

ಅಪ್ಪನಿಗೆ 72. ಜನರ ಹೆಸರು ಮರೀತಾರೆ. ಅರವತ್ತಕ್ಕೆ ಅರಳುಮರಳು ಅಂತ ಸುಮ್ನಿರೋದಾ?

ಹೆಸರು ತಟ್ಟನೆ ಬರದೆ, ಹತ್ತು ನಿಮಿಷದ ಮೇಲೆ ತಾನಾಗಿ ನೆನಪಾದರೆ ಅದು ಬಹುಮಟ್ಟಿಗೆ ವಯಸ್ಸಿನದು. ದಿನವೂ ಹೋಗುವ ದಾರಿ ತಪ್ಪುವುದು, ಕೇಳಿದ್ದನ್ನೇ ಅರ್ಧ ಗಂಟೆಯಲ್ಲಿ ಮತ್ತೆ ಮತ್ತೆ ಕೇಳುವುದು, ಮೊದಲು ಸಲೀಸಾಗಿ ಮಾಡುತ್ತಿದ್ದ ಬ್ಯಾಂಕಿನ ವ್ಯವಹಾರದಲ್ಲಿ ತಡವರಿಸುವುದು ಬೇರೆ. ಇಂಥದ್ದನ್ನು ತೋರಿಸಬೇಕು. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ ಡಿಮೆನ್ಶಿಯಾ, ಅಂದರೆ ದಿನದ ಬದುಕಿಗೇ ಅಡ್ಡಿಯಾಗುವಷ್ಟು ನೆನಪು, ಬುದ್ಧಿ ಕುಗ್ಗುವ ಕಾಯಿಲೆ, ಇದೆ. ಅಂದರೆ ಸುಮಾರು 88 ಲಕ್ಷ ಜನ. ಉಳಿದ ತೊಂಬತ್ತೆರಡು ಜನರಿಗೆ ಇಲ್ಲ. ಹಾಗಾಗಿ ಅರಳುಮರಳನ್ನು ವಯಸ್ಸಿನ ಲೆಕ್ಕಕ್ಕೆ ಬಿಟ್ಟು ಸುಮ್ಮನಿರುವುದು ಸರಿಯಲ್ಲ.

ಎರಡು ಮೂರು ದಿನದಲ್ಲೇ ದಿಢೀರನೆ ಗೊಂದಲ ಶುರುವಾದರೆ, ರಾತ್ರಿ ಬಡಬಡಿಸಿದರೆ, ಬ್ರಾಹ್ಮಿಯ ಮಾತೇ ಬೇಡ, ಅವತ್ತೇ ಆಸ್ಪತ್ರೆಗೆ ಹೋಗಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ಹೊಸ ಮಾತ್ರೆಯ ಪರಿಣಾಮ, ಏನು ಬೇಕಾದರೂ ಇರಬಹುದು.

ಗಿಡದ್ದು ತಾನೇ, ಸೈಡ್ ಎಫೆಕ್ಟ್ ಎಲ್ಲಿಂದ ಬರುತ್ತೆ?

ಉಮ್ಮತ್ತಿಯೂ ಗಿಡವೇ. ಅದರ ಬೀಜ ತಿಂದವರಿಗೆ ಬುದ್ಧಿ ಕಲಕುವುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಮೈಮೇಲೆ ಕೆಲಸ ಮಾಡುವ ಶಕ್ತಿ ಇರುವ ವಸ್ತುವಿಗೆ ತೊಂದರೆ ಕೊಡುವ ಶಕ್ತಿಯೂ ಇರುತ್ತದೆ. ಅಡುಗೆಯ ಪ್ರಮಾಣಕ್ಕೂ ಸಾರ ತೆಗೆದು ತುಂಬಿದ ಕ್ಯಾಪ್ಸೂಲಿಗೂ ಬಹಳ ವ್ಯತ್ಯಾಸವಿದೆ ಎನ್ನುವುದನ್ನೂ ಮರೆಯಬೇಡಿ.

## ಒಂದೊಂದು ಗಿಡದ ಲೆಕ್ಕ

ನೀರುಬ್ರಾಹ್ಮಿಯಿಂದ ನಿಜಕ್ಕೂ ನೆನಪು ಜಾಸ್ತಿ ಆಗುತ್ತಾ?

ಸ್ವಲ್ಪ ಆಗಬಹುದು. ಈ ಪಟ್ಟಿಯಲ್ಲಿ ನಾನು ಕೊಂಚವಾದರೂ ಹೌದು ಎನ್ನುವ ಗಿಡ ಇದೊಂದೇ.

ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯವರು ಇದರೊಳಗಿನ ಬಕೋಸೈಡು ಎಂಬ ರಾಸಾಯನಿಕಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದ್ದಾರೆ. 2008ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ 65 ದಾಟಿದ 54 ಜನರನ್ನು ತೆಗೆದುಕೊಂಡು ಒಂದು ಪ್ರಯೋಗ ನಡೆಯಿತು. ಅರ್ಧ ಜನರಿಗೆ ದಿನಕ್ಕೆ 300 ಮಿಲಿಗ್ರಾಂ ಸಾರ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ, 12 ವಾರ. ಕೇಳಿಸಿದ ಪದಗಳ ಪಟ್ಟಿಯನ್ನು ಸ್ವಲ್ಪ ಹೊತ್ತಿನ ನಂತರ ಹೇಳುವ ಪರೀಕ್ಷೆಯಲ್ಲಿ ಬ್ರಾಹ್ಮಿಯವರು ಮುಂದಿದ್ದರು. 2010ರಲ್ಲಿ ಆಸ್ಟ್ರೇಲಿಯಾದಲ್ಲಿ 55 ದಾಟಿದ 98 ಜನರ ಮೇಲೆ ಇಷ್ಟೇ ಪ್ರಮಾಣ, ಇಷ್ಟೇ ಅವಧಿ ಕೊಟ್ಟು ನೋಡಿದಾಗಲೂ ಕಲಿತದ್ದನ್ನು ನೆನಪಿಡುವುದು ಸುಧಾರಿಸಿತ್ತು.

ಈಗ ಇದರ ಇನ್ನೊಂದು ಮುಖ. ಭಾಗವಹಿಸಿದವರೆಲ್ಲ ಡಿಮೆನ್ಶಿಯಾ ಇಲ್ಲದವರು. ಸಂಖ್ಯೆ ಚಿಕ್ಕದು, ಅವಧಿ ಮೂರು ತಿಂಗಳು. ಪದಗಳ ಪಟ್ಟಿಯಲ್ಲಿ ಒಂದೆರಡು ಜಾಸ್ತಿ ಹೇಳುವುದಕ್ಕೂ ಮನೆಯ ಬೀಗ ಎಲ್ಲಿಟ್ಟೆ ಎಂದು ಹುಡುಕದೆ ಇರುವುದಕ್ಕೂ ನಂಟು ಎಷ್ಟೆಂದು ಈ ಪ್ರಯೋಗಗಳು ಅಳೆಯಲಿಲ್ಲ. ಡಿಮೆನ್ಶಿಯಾ ಬರದಂತೆ ತಡೆಯುತ್ತದೆ ಎನ್ನುವುದಕ್ಕೆ ಇವು ಪುರಾವೆಯಲ್ಲ. ಬಂದದ್ದನ್ನು ವಾಸಿ ಮಾಡುತ್ತದೆ ಎನ್ನುವುದಕ್ಕಂತೂ ಅಲ್ಲವೇ ಅಲ್ಲ.

ಹೊಟ್ಟೆ ನುಲಿತ, ವಾಕರಿಕೆ, ದಿನಕ್ಕೆ ಜಾಸ್ತಿ ಸಲ ಸಂಡಾಸಿಗೆ ಹೋಗುವುದು ಸಾಮಾನ್ಯ ದೂರುಗಳು. ಊಟದ ಜೊತೆ ತೆಗೆದುಕೊಂಡರೆ ಕಡಿಮೆ. ಒಂದು ವಾರದಲ್ಲಿ ಫಲ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮಗ ಅಮೆರಿಕದಿಂದ ಗಿಂಕ್ಗೊ ಬಾಟಲಿ ತಂದಿದ್ದಾನೆ. ತಗೊಳ್ಳಲಾ?

ಮರೆವು ಬರದಿರಲಿ ಎಂದು ತೆಗೆದುಕೊಳ್ಳುವುದಾದರೆ ಬೇಡ. ಇದು ಚೀನಾದ ಮರದ ಎಲೆಯ ಸಾರ. ಸಸ್ಯಮೂಲದ ಪೂರಕಗಳ ಪೈಕಿ ಇದರಷ್ಟು ದೊಡ್ಡ ಪರೀಕ್ಷೆಗೆ ಒಳಗಾದದ್ದು ಅಪರೂಪ. ಅಮೆರಿಕದಲ್ಲಿ 75 ದಾಟಿದ 3,069 ಜನರಿಗೆ ದಿನಕ್ಕೆರಡು ಸಲ 120 ಮಿಲಿಗ್ರಾಂ ಗಿಂಕ್ಗೊ ಅಥವಾ ಹುಸಿ ಮಾತ್ರೆ ಕೊಟ್ಟು ಸುಮಾರು ಆರು ವರ್ಷ ಗಮನಿಸಿದರು. 2008ರಲ್ಲಿ ಫಲಿತಾಂಶ ಬಂತು. ಗಿಂಕ್ಗೊ ತೆಗೆದುಕೊಂಡವರಲ್ಲಿ 277 ಜನರಿಗೆ, ಹುಸಿ ಮಾತ್ರೆಯವರಲ್ಲಿ 246 ಜನರಿಗೆ ಡಿಮೆನ್ಶಿಯಾ ಬಂದಿತ್ತು. ಈ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು. ಆದರೆ ತಡೆಯಲಿಲ್ಲ ಎನ್ನುವುದು ಖಚಿತ. ಮರೆವಿನ ದೂರಿದ್ದ 2,854 ಜನರನ್ನು ಫ್ರಾನ್ಸಿನಲ್ಲಿ ಐದು ವರ್ಷ ನೋಡಿದಾಗಲೂ, 2012ರಲ್ಲಿ, ಇದೇ ಉತ್ತರ ಬಂತು.

ಈಗಾಗಲೇ ಡಿಮೆನ್ಶಿಯಾ ಇರುವವರಿಗೆ 240 ಮಿಲಿಗ್ರಾಂ ಕೊಟ್ಟರೆ ಸ್ವಲ್ಪ ಉಪಯೋಗ ಇರಬಹುದು ಎನ್ನುವ ಅಧ್ಯಯನಗಳಿವೆ. ಜರ್ಮನಿಯಲ್ಲಿ ಡಾಕ್ಟರುಗಳು ಬರೆಯುವುದೂ ಇದೆ. ಅದು ಡಾಕ್ಟರ ಕಣ್ಣೆದುರು ಆಗಬೇಕಾದ ಕೆಲಸ. ಮಗನ ಪ್ರೀತಿ ದೊಡ್ಡದು, ಆದರೆ ಅಮೆರಿಕದ್ದು ಅಂದಮಾತ್ರಕ್ಕೆ ಪರೀಕ್ಷೆಯಾಗಿ ಬಂದದ್ದಲ್ಲ. ಅಲ್ಲಿ 1994ರ ಕಾನೂನಿನ ಪ್ರಕಾರ ಇಂಥ ಪೂರಕಗಳನ್ನು ಮಾರುವ ಮೊದಲು ಸರ್ಕಾರದ ಒಪ್ಪಿಗೆ ಬೇಕಾಗಿಲ್ಲ.

ನಾವು ದಿನಾ ಅರಿಶಿನ ತಿಂತೀವಿ, ಅದಕ್ಕೇ ನಮ್ಮವರಿಗೆ ಆಲ್ಝೈಮರ್ಸ್ ಕಡಿಮೆ ಅಂತಾರಲ್ಲ?

ಆಲ್ಝೈಮರ್ಸ್ ಅಂದರೆ ಡಿಮೆನ್ಶಿಯಾದ ಅತಿ ಸಾಮಾನ್ಯ ಬಗೆ. ಈ ಮಾತು ಹಬ್ಬಲು ಒಂದು ಕಾರಣವಿದೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಆಲ್ಝೈಮರ್ಸ್ ತೀರಾ ಕಡಿಮೆ ಎಂದು 2001ರಲ್ಲಿ ಒಂದು ಅಧ್ಯಯನ ಹೇಳಿತು. ಅದರ ಕೀರ್ತಿಯನ್ನು ಅರಿಶಿನಕ್ಕೆ ಕಟ್ಟಿದವರು ಆಮೇಲಿನವರು. ಅಲ್ಲಿ ಆಯಸ್ಸು ಕಡಿಮೆ ಇತ್ತು, ಕಾಯಿಲೆಯನ್ನು ಕಾಯಿಲೆ ಎಂದು ಮನೆಯವರು ಹೇಳುವುದೂ ಕಡಿಮೆಯೇ. ಇಡೀ ದೇಶದ ಲೆಕ್ಕ ಬಂದಾಗ ನಾವು ಅಂಥ ಅದೃಷ್ಟವಂತರೇನಲ್ಲ ಎಂದು ತಿಳಿಯಿತು.

ಅರಿಶಿನದಲ್ಲಿ ಔಷಧಗುಣದ್ದು ಎನ್ನುವ ಹಳದಿ ವಸ್ತು ಕರ್ಕ್ಯುಮಿನ್. ಅದು ಇರುವುದು ನೂರಕ್ಕೆ ಸುಮಾರು ಮೂರು ಪಾಲು. ಅದೂ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ, ಸುಲಭವಾಗಿ ಹೀರಿಕೊಳ್ಳುವಂತೆ ಮಾಡಿದ ಕರ್ಕ್ಯುಮಿನ್ನನ್ನು ಡಿಮೆನ್ಶಿಯಾ ಇಲ್ಲದ 40 ಜನರ ಮೇಲೆ 18 ತಿಂಗಳು ಪರೀಕ್ಷಿಸಿದಾಗ ನೆನಪು ಸುಧಾರಿಸಿತ್ತು. ಅದು 2018ರಲ್ಲಿ ಪ್ರಕಟವಾಯಿತು. ನಲವತ್ತೇ ಜನ! ಆಲ್ಝೈಮರ್ಸ್ ಇರುವವರ ಮೇಲೆ ಮಾಡಿದ ಪ್ರಯೋಗದಲ್ಲಿ ಉಪಯೋಗ ಕಾಣಲಿಲ್ಲ.

ಹೀರಿಕೆ ಹೆಚ್ಚಿಸಲು ಕರಿಮೆಣಸಿನ ಪೈಪರಿನ್ ಸೇರಿಸಿದ ಕ್ಯಾಪ್ಸೂಲುಗಳ ಬಗ್ಗೆ ಜಾಗ್ರತೆ. ಪೈಪರಿನ್ ಇತರ ಮಾತ್ರೆಗಳ ಹೀರಿಕೆಯನ್ನೂ ಹೆಚ್ಚಿಸಬಲ್ಲದು. 2019ರಲ್ಲಿ ಇಟಲಿಯಲ್ಲಿ ಕರ್ಕ್ಯುಮಿನ್ ಪೂರಕ ತೆಗೆದುಕೊಂಡ ಹಲವರಿಗೆ ಲಿವರ್ ಊದಿಕೊಂಡಿತು. ಸಾರಿಗೆ ಹಾಕುವ ಅರಿಶಿನದಿಂದ ಈ ಭಯವಿಲ್ಲ.

ಅಶ್ವಗಂಧ ನಿದ್ದೆಗೂ ಆಯ್ತು, ನೆನಪಿಗೂ ಆಯ್ತು ಅಂತ ಪಕ್ಕದ ಮನೆಯವರು ಹೇಳ್ತಾರೆ.

ನಿದ್ದೆಗೆ, ಆತಂಕಕ್ಕೆ ಸ್ವಲ್ಪ ಆಧಾರವಿದೆ. ನೆನಪಿಗೆ ಇರುವುದು ಚಿಕ್ಕ ಪ್ರಯೋಗಗಳು, ಎಂಟು ವಾರದಂಥವು. ಹಿರಿಯರಲ್ಲಿ ನನಗೆ ಹೆದರಿಕೆ ಆಗುವುದು ಥೈರಾಯ್ಡ್ ವಿಷಯಕ್ಕೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಈಗಾಗಲೇ ಥೈರಾಕ್ಸಿನ್ ಮಾತ್ರೆ ನುಂಗುವವರಿಗೆ ಎದೆ ಹೊಡೆದುಕೊಳ್ಳುವುದು, ತೂಕ ಇಳಿಯುವುದು ಶುರುವಾಗಬಹುದು. ಲಿವರಿಗೆ ತೊಂದರೆಯಾದ ವರದಿಗಳೂ ಇವೆ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ನನಗೆ ಅದು ಅತಿಯಾಯಿತು ಅನ್ನಿಸುತ್ತದೆ. ಆದರೂ ರಾತ್ರಿ ನಿದ್ದೆ ಮಾತ್ರೆ ಇದ್ದವರು ಅದರ ಮೇಲೆ ಅಶ್ವಗಂಧವನ್ನೂ ಹಾಕಿಕೊಂಡು ಮಂಪರಿನಲ್ಲಿ ಬಚ್ಚಲಿಗೆ ಹೋಗಿ ಬೀಳುವುದು ಬೇಡ.

ಶಂಖಪುಷ್ಪಿ ಸಿರಪ್, ಬಜೆ ಇವೆಲ್ಲ?

ಹಿರಿಯರ ನೆನಪಿಗೆ ಇವುಗಳಿಂದ ಉಪಯೋಗ ಎಂದು ಹೇಳುವಷ್ಟು ಪ್ರಯೋಗಗಳಿಲ್ಲ. ಆದರೆ ಎರಡು ಅಪಾಯಗಳು ಗೊತ್ತಿರಲಿ. ಶಂಖಪುಷ್ಪಿಯ ಸಿರಪ್ ಕುಡಿದ ಮೇಲೆ, ಹತೋಟಿಯಲ್ಲಿದ್ದ ಫಿಟ್ಸ್ ಮತ್ತೆ ಬಂದದ್ದು 1992ರಲ್ಲೇ ವರದಿಯಾಗಿದೆ. ಸಿರಪ್ಪು ಫಿಟ್ಸ್ ತಡೆಯುವ ಫೆನಿಟಾಯಿನ್ ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ಇಳಿಸಿತ್ತು. ಪಾರ್ಶ್ವವಾಯು ಆದವರಿಗೆ ಫಿಟ್ಸ್ ಮಾತ್ರೆ ನಡೆಯುತ್ತಿರುವುದು ಅಪರೂಪವಲ್ಲ, ನೋಡಿಕೊಳ್ಳಿ.

ಬಜೆಯಲ್ಲಿರುವ ಬೀಟಾ ಅಸಾರೋನ್ ಇಲಿಗಳಲ್ಲಿ ಗಡ್ಡೆ ತಂದದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಮನೆಯಲ್ಲಿ ಬಜೆ ತೇಯುವ ರೂಢಿ ಇರುವವರಿಗೆ ಇದು ಹಿಡಿಸದ ಮಾತು. ಆದರೆ ತೇದ ಚೂರಿಗೂ ತಿಂಗಳುಗಟ್ಟಲೆ ನುಂಗುವ ಪುಡಿಗೂ ವ್ಯತ್ಯಾಸವಿದೆ.

ಡಾರ್ಕ್ ಚಾಕೊಲೇಟ್ ತಿಂದ್ರೆ ಮೆದುಳಿಗೆ ಒಳ್ಳೇದಂತೆ, ಹೌದಾ?

ಅಮೆರಿಕದಲ್ಲಿ 65 ದಾಟಿದ 2,262 ಜನರಿಗೆ ಮೂರು ವರ್ಷ ಕೋಕೋ ಸಾರ ಕೊಟ್ಟು ನೋಡಿದರು. ಒಟ್ಟು ಬುದ್ಧಿಶಕ್ತಿಯ ಮೇಲೆ ಏನೂ ಪರಿಣಾಮ ಆಗಲಿಲ್ಲ. ಜೊತೆಗೆ ಪರೀಕ್ಷಿಸಿದ ಮಲ್ಟಿವಿಟಮಿನ್ ಮಾತ್ರೆಯೇ ಸ್ವಲ್ಪ ಉಪಯೋಗ ತೋರಿಸಿತು! ಶುಗರ್ ಇಲ್ಲದವರು ಒಂದು ತುಂಡು ರುಚಿಗೆ ತಿನ್ನಿ.

## ಮಾತ್ರೆಗಳ ಜೊತೆ, ಅಂಗಡಿಯಲ್ಲಿ

ರಕ್ತ ತೆಳುವಾಗೋ ಮಾತ್ರೆ ನಡೀತಿದೆ. ಇವುಗಳಲ್ಲಿ ಯಾವುದನ್ನ ಜೊತೆಗೆ ತಗೋಬಾರದು?

ಗಿಂಕ್ಗೊ ಮೊದಲನೆಯದು. ವಾರ್ಫರಿನ್, ಕ್ಲೊಪಿಡೊಗ್ರೆಲ್, ಆಸ್ಪಿರಿನ್ ಇರುವವರಿಗೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹೆಚ್ಚು ಪ್ರಮಾಣದ ಕರ್ಕ್ಯುಮಿನ್, ಬೆಳ್ಳುಳ್ಳಿ ಕ್ಯಾಪ್ಸೂಲ್ ಕೂಡ ಬೇಡ. ಕಣ್ಣಿನ ಪೊರೆ, ಹಲ್ಲು ಕೀಳಿಸುವುದು, ಮಂಡಿ ಆಪರೇಷನ್ ಯಾವುದೇ ಇರಲಿ, ಎರಡು ವಾರ ಮೊದಲೇ ಗಿಡಮೂಲಿಕೆ ಕ್ಯಾಪ್ಸೂಲುಗಳ ಹೆಸರು ಡಾಕ್ಟರಿಗೆ ಹೇಳಿ. ಯಾವ ಮಾತ್ರೆ ನಡೆಯುತ್ತಿದೆ ಎಂದು ಕೇಳಿದಾಗ ಇವುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಷ್ಟ ಇರುವುದು ಅಲ್ಲೇ.

ಅಮ್ಮನಿಗೆ ಡಾಕ್ಟರ್ ಡೊನೆಪೆಜಿಲ್ ಬರೆದಿದ್ದಾರೆ. ಇಂಗ್ಲಿಷ್ ಔಷಧಿ ಬೇಡ, ಗಿಡದ್ದೇ ಕೊಡೋಣ ಅಂತ ಅಣ್ಣ ಅಂತಾನೆ.

ಡೊನೆಪೆಜಿಲ್ ಆಲ್ಝೈಮರ್ಸ್ ಇರುವವರಿಗೆ ಕೊಡುವ ಮಾತ್ರೆ. ಅಣ್ಣನಿಗೆ ಇದನ್ನು ಹೇಳಿ. ಆಲ್ಝೈಮರ್ಸ್‌ಗೆ ಬಳಸುವ ಗ್ಯಾಲಂಟಮಿನ್ ಗಿಡದಿಂದಲೇ ಬಂದದ್ದು. ಪೂರ್ವ ಯೂರೋಪಿನಲ್ಲಿ ಚಳಿ ಮುಗಿಯುವ ಹೊತ್ತಿಗೆ ಅರಳುವ ಸ್ನೋಡ್ರಾಪ್ ಹೂಗಿಡದ ಜಾತಿಯಲ್ಲಿ ಅದು ಸಿಕ್ಕಿತು. ಬಲ್ಗೇರಿಯಾದವರು ಔಷಧವಾಗಿ ಬೆಳೆಸಿದರು. 2001ರಲ್ಲಿ ಅಮೆರಿಕದಲ್ಲಿ ಆಲ್ಝೈಮರ್ಸ್‌ಗೆ ಒಪ್ಪಿಗೆ ಸಿಕ್ಕಿತು. ಇದೇ ಕಾಯಿಲೆಯ ಇನ್ನೊಂದು ಔಷಧ ರಿವಾಸ್ಟಿಗ್ಮಿನ್‌ಗೆ ಮಾದರಿಯಾದದ್ದು ಪಶ್ಚಿಮ ಆಫ್ರಿಕದ ಒಂದು ವಿಷದ ಅವರೆಯಲ್ಲಿದ್ದ ರಾಸಾಯನಿಕ. ಗಿಡ ಕೆಲಸ ಮಾಡುತ್ತದೆ ಎಂದು ಖಚಿತವಾದಾಗ ಅದಕ್ಕೆ ಪ್ರಮಾಣ, ಎಚ್ಚರಿಕೆ, ಚೀಟಿ ಎಲ್ಲ ಬರುತ್ತವೆ. ಗಿಡ ಬೇಕು ಎನ್ನುವವರಿಗೆ ಗಿಡದ ಮಾತ್ರೆಯೇ ಇದೆ, ಬೇಕಾದರೆ ಅದರ ಬಗ್ಗೆಯೇ ಡಾಕ್ಟರನ್ನು ಕೇಳಲಿ.

ಇವು ಯಾವುವೂ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಸ್ವಲ್ಪ ದಿನ ಹಿಡಿದಿಡುತ್ತವೆ. ಆನ್‌ಲೈನಿನಲ್ಲಿ ಸಿಗುವ ಹ್ಯುಪರ್ಜಿನ್ ಎ, ಚೀನಾದ ಒಂದು ಸಣ್ಣ ಗಿಡದ್ದು, ಡೊನೆಪೆಜಿಲ್ ಮಾಡುವ ಕೆಲಸವನ್ನೇ ಮಾಡುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟರೆ ನಾಡಿ ತೀರಾ ನಿಧಾನವಾಗಿ ತಲೆಸುತ್ತು ಬರಬಹುದು.

ಲೇಬಲ್‌ನಲ್ಲಿ ಏನು ನೋಡ್ಬೇಕು? ಎಲ್ಲಾದ್ರಲ್ಲೂ ನೂರು ಪರ್ಸೆಂಟ್ ನ್ಯಾಚುರಲ್ ಅಂತಿರುತ್ತೆ.

ಆ ಸಾಲನ್ನು ಬಿಟ್ಟು ಉಳಿದದ್ದನ್ನು ಓದಿ. ನಮ್ಮಲ್ಲಿ ಎರಡು ದಾರಿಗಳಿವೆ. ಆಯುರ್ವೇದ ಔಷಧಿಯಾದರೆ ತಯಾರಿಕೆಯ ಲೈಸೆನ್ಸ್ ಸಂಖ್ಯೆ ಇರಬೇಕು. ಆಹಾರ ಪೂರಕವಾದರೆ ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರುತ್ತದೆ, ಜೊತೆಗೆ ಔಷಧವಾಗಿ ಬಳಸುವುದಕ್ಕಲ್ಲ ಎಂದೂ ಬರೆದಿರಬೇಕು. ಅಷ್ಟು ಬರೆದ ಡಬ್ಬಿಯನ್ನೇ ಮರೆವಿನ ಕಾಯಿಲೆಗೆ ಔಷಧ ಎಂದು ಮಾರುವವರಿಗೆ ಏನು ಹೇಳೋಣ! ಮೆದುಳಿನ ಕಾಯಿಲೆಗಳನ್ನು ಗುಣಪಡಿಸುತ್ತೇವೆ ಎಂಬ ಜಾಹೀರಾತನ್ನು 1954ರ ಕಾನೂನು ನಿಷೇಧಿಸಿದೆ.

ಇನ್ನು, ಗಿಡದ ಸಸ್ಯಶಾಸ್ತ್ರದ ಹೆಸರು, ಯಾವ ಭಾಗ, ಪುಡಿಯೋ ಸಾರವೋ, ಸಾರವಾದರೆ ಎಷ್ಟು ಮಿಲಿಗ್ರಾಂ ಎಂದು ನೋಡಿ. ಹೆಸರಿಲ್ಲದ ಡಬ್ಬಿಯ ಪುಡಿ ಬೇಡವೇ ಬೇಡ. 2004ರಲ್ಲಿ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ ಮೆದುಳಿಗೇ ವಿಷ.

## ಇನ್ನೂ ಸ್ವಲ್ಪ ಆಳಕ್ಕೆ

ಸಂಶೋಧನೆ ಏನಾದ್ರೂ ಹೇಳಲಿ, ಕೊಟ್ಟ ಮೇಲೆ ಅಮ್ಮ ಚುರುಕಾಗಿದ್ದಾರೆ. ನಮ್ಮ ಕಣ್ಣೇ ಸುಳ್ಳಾ?

ಕಣ್ಣು ಸುಳ್ಳಲ್ಲ, ಕಾರಣ ಬೇರೆ ಇರಬಹುದು. ಮರೆವಿನವರಿಗೆ ಒಳ್ಳೆಯ ವಾರ, ಕೆಟ್ಟ ವಾರ ಇರುತ್ತವೆ. ಔಷಧ ಹುಡುಕುವುದು ಕೆಟ್ಟ ವಾರದಲ್ಲಿ. ಆಮೇಲೆ ಸ್ವಲ್ಪ ಸುಧಾರಿಸುವುದು ಹೇಗೂ ಆಗುತ್ತದೆ. ಕ್ಯಾಪ್ಸೂಲ್ ಕೊಡುವ ನೆಪದಲ್ಲಿ ದಿನಕ್ಕೆರಡು ಸಲ ಯಾರೋ ಪಕ್ಕದಲ್ಲಿ ಕೂತು ಮಾತಾಡಿಸುತ್ತಾರೆ, ಊಟವೂ ಹೊತ್ತಿಗೆ ಸರಿಯಾಗಿ ಆಗುತ್ತದೆ. ಅದರಿಂದಲೂ ಚುರುಕಾಗಬಹುದು. ದೊಡ್ಡ ಪ್ರಯೋಗಗಳಲ್ಲಿ ಹುಸಿ ಮಾತ್ರೆ ಕೊಡುವುದು ಇವನ್ನೆಲ್ಲ ಕಳೆದು ನೋಡುವುದಕ್ಕೇ.

ಕೊಡುತ್ತಿರುವುದು ಹಾನಿಯಿಲ್ಲದ್ದು ಎಂದು ಡಾಕ್ಟರ್ ಒಪ್ಪಿದ್ದರೆ ನಾನು ಜಗಳ ಮಾಡುವುದಿಲ್ಲ. ಮೂರು ತಿಂಗಳು ಕೊಟ್ಟು, ಒಂದು ತಿಂಗಳು ನಿಲ್ಲಿಸಿ ನೋಡಿ. ನಿಲ್ಲಿಸಿದ್ದನ್ನು ಮನೆಯ ಒಬ್ಬರಿಗೆ ಮಾತ್ರ ತಿಳಿಸಿ, ಉಳಿದವರು ವ್ಯತ್ಯಾಸ ಗುರುತಿಸುತ್ತಾರಾ ಕೇಳಿ.

ಒಂದು ಸಲ ಒಳ್ಳೇದು ಅಂತಾರೆ, ಇನ್ನೊಂದು ಸಲ ಇಲ್ಲ ಅಂತಾರೆ. ಯಾರನ್ನ ನಂಬೋದು?

ಮೂರು ವಿಷಯ ಕೇಳಿ. ಎಷ್ಟು ಜನ? ಎಷ್ಟು ಕಾಲ? ದುಡ್ಡು ಯಾರದ್ದು? ಐವತ್ತು ಜನ, ಎಂಟು ವಾರ, ಕಂಪನಿಯ ದುಡ್ಡು ಎಂದಾದರೆ ಅದು ಮುಂದಿನ ಪ್ರಯೋಗಕ್ಕೆ ಕಾರಣವಾಗಬಹುದು, ಖರೀದಿಗೆ ಅಲ್ಲ. ಇಲಿಯ ಮೇಲೆ ಮಾಡಿದ್ದನ್ನು ಮನುಷ್ಯರದ್ದೆಂದು ಓದಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬಿ ಮತ್ತು ಇ ವಿಟಮಿನ್, ಒಮೆಗಾ ಥರದ ಕೊಬ್ಬು ಇವನ್ನು ಡಿಮೆನ್ಶಿಯಾ ತಡೆಗೆಂದು ಶಿಫಾರಸು ಮಾಡುವುದಿಲ್ಲ ಎಂದಿತು. ಗಿಡಮೂಲಿಕೆಗಳಿಗಿಂತ ಎಷ್ಟೋ ಹೆಚ್ಚು ಪರೀಕ್ಷೆಯಾದವುಗಳ ಗತಿಯೇ ಇದು.

ಅಧ್ಯಯನಗಳೆಲ್ಲ ಹೊರಗಿನವು ಎನ್ನುವ ಆಕ್ಷೇಪ ನ್ಯಾಯವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಗಮನಿಸುತ್ತಿದೆ. ಅದು ಗಿಡಮೂಲಿಕೆಯ ಪ್ರಯೋಗವಲ್ಲ. ಆದರೆ ನಮ್ಮ ಮುದ್ದೆ, ಸಾರು ತಿನ್ನುವವರ ಮೆದುಳಿನ ಬಗ್ಗೆ ಗೊತ್ತಾಗುವುದು ಅಂಥ ಕಡೆಯಿಂದ.

ಹಾಗಾದ್ರೆ ತಿಂಗಳಿಗೆ ಸಾವಿರ ರೂಪಾಯಿ ಖರ್ಚು ಮಾಡೋದಿದ್ರೆ ಯಾವುದಕ್ಕೆ ಹಾಕೋದು?

ಮೊದಲ ತಿಂಗಳ ದುಡ್ಡು ರಕ್ತ ಪರೀಕ್ಷೆಗೆ. ಬಿ12, ಥೈರಾಯ್ಡ್, ಶುಗರ್, ಸೋಡಿಯಂ, ಹಿಮೋಗ್ಲೋಬಿನ್. ಸಸ್ಯಾಹಾರಿಗಳಲ್ಲಿ, ಶುಗರಿಗೆ ಬಹಳ ವರ್ಷದಿಂದ ಮೆಟ್ಫಾರ್ಮಿನ್ ನುಂಗುವವರಲ್ಲಿ ಬಿ12 ಕಡಿಮೆ ಇರುವುದು ತೀರಾ ಸಾಮಾನ್ಯ. ಅದರಿಂದ ಬರುವ ಮರೆವು ಬೇಗ ಗುರುತಿಸಿದರೆ ಸುಧಾರಿಸುತ್ತದೆ. ಯಾವ ಸೊಪ್ಪೂ ಬಿ12 ಕೊಡುವುದಿಲ್ಲ.

ಆಮೇಲೆ ಕಿವಿ. ಕೇಳಿಸದವರನ್ನು ಮರೆವಿನವರೆಂದು ಎಷ್ಟೋ ಮನೆಗಳಲ್ಲಿ ತಿಳಿಯುತ್ತಾರೆ. 2023ರ ಅಮೆರಿಕದ ಪ್ರಯೋಗವೊಂದರಲ್ಲಿ, ಅಪಾಯ ಹೆಚ್ಚಿದ್ದ ಹಿರಿಯರ ಗುಂಪಿನಲ್ಲಿ ಕಿವಿಯ ಮಷಿನ್ನು ಮೂರು ವರ್ಷದಲ್ಲಿ ಬುದ್ಧಿ ಕುಗ್ಗುವ ವೇಗವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಆರೋಗ್ಯವಂತರ ಗುಂಪಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎನ್ನುವುದನ್ನೂ ಹೇಳಬೇಕು.

ಬಿಪಿ ಹತೋಟಿ, ನಡಿಗೆ, ಬೀಡಿ ಸಿಗರೇಟು ಬಿಡುವುದು, ಜನರ ಜೊತೆ ಒಡನಾಟ ಇವುಗಳಿಗೆ ದುಡ್ಡು ಹೆಚ್ಚು ಬೇಕಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ 2024ರ ತಜ್ಞರ ಆಯೋಗ ಇಂಥ 14 ಕಾರಣಗಳನ್ನು ಪಟ್ಟಿ ಮಾಡಿ, ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ನೂರರಲ್ಲಿ ಸುಮಾರು 45 ಡಿಮೆನ್ಶಿಯಾಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿದೆ.

ತೋರಿಸೋದು ಎಲ್ಲಿ? ಹೋಗುವಾಗ ಏನು ತಗೊಂಡು ಹೋಗ್ಬೇಕು?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರ ವಿಭಾಗವಿದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಯೋಜನೆಯಡಿ ಜಿಲ್ಲಾ ಆಸ್ಪತ್ರೆಗಳಲ್ಲೂ ಕ್ಲಿನಿಕ್ಕುಗಳು ಬಂದಿವೆ, ಮೊದಲು ಅಲ್ಲಿ ವಿಚಾರಿಸಿ. ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವವರಿಗೇ ಸಾಕಾಗಿ ಹೋಗಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416.

ಹೋಗುವಾಗ ಮನೆಯಲ್ಲಿರುವ ಮಾತ್ರೆ, ಕ್ಯಾಪ್ಸೂಲ್, ಸಿರಪ್, ಪುಡಿ ಡಬ್ಬಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲಿಡಿ. ಶೀತಕ್ಕೆ ತಂದ ಮಾತ್ರೆ, ನಿದ್ದೆ ಮಾತ್ರೆ, ಮೂತ್ರ ತಡೆಯುವ ಮಾತ್ರೆ ಕೂಡ ಇರಲಿ. ಇವುಗಳಲ್ಲಿ ಕೆಲವು ತಾವೇ ಮರೆವು ತರುತ್ತವೆ. ಮರೆವು ಯಾವಾಗ ಶುರುವಾಯಿತು ಎನ್ನುವುದನ್ನು ಹಿರಿಯರ ಎದುರು ಹೇಳಲು ಮುಜುಗರವಾದರೆ ಒಂದು ಚೀಟಿಯಲ್ಲಿ ಬರೆದು ಕೊಡಿ.